ನೀಲಿ ಹಸಿರು ಪಾಚಿಯ ಪೊಟ್ಟಣ: ಪುಡಿ ಅಸಲಿ, ಬರಹ ಅತಿ

ವಿರಾಜಪೇಟೆಯ ಗೊಬ್ಬರದ ಅಂಗಡಿಯೊಂದರಲ್ಲಿ ಭತ್ತದ ಗದ್ದೆಗೆ ಹಾಕುವ ನೀಲಿ ಹಸಿರು ಪಾಚಿಯ ಪುಡಿ ಸಿಗುತ್ತದೆ. ಎಕರೆಗೆ ನಾಲ್ಕು ಕೆ.ಜಿ., ನಾಟಿಯಾದ ವಾರಕ್ಕೆ ನಿಂತ ನೀರಿನಲ್ಲಿ ಎರಚಬೇಕು. ಪುಡಿಯ ಬಗ್ಗೆ ನನಗೆ ತಕರಾರಿಲ್ಲ. ಪೊಟ್ಟಣದ ಮೇಲಿನ ಮಾತಿನ ಬಗ್ಗೆ ಇದೆ: ‘ಬಿಸಿಲಿರಲಿ ಮಳೆಯಿರಲಿ, 24 ಗಂಟೆಯೂ ಸಾರಜನಕ!’ ಹೈಸ್ಕೂಲಿನಲ್ಲಿ ಜೀವಶಾಸ್ತ್ರ ಕಲಿಸಿ ನಿವೃತ್ತಳಾದ ನನಗೆ ಇದನ್ನು ಓದಿ ಸುಮ್ಮನಿರಲಾಗಲಿಲ್ಲ.

ಮೊದಲು ಒಳ್ಳೆಯದನ್ನು ಹೇಳುತ್ತೇನೆ. ಒಂದು ಚಿಟಿಕೆ ಪುಡಿಯನ್ನು ಗಾಜಿನ ಲೋಟದ ನೀರಿಗೆ ಹಾಕಿ ಕಿಟಕಿಯ ಬಳಿ ಇಟ್ಟೆ. ಕೆಲವು ದಿನಗಳಲ್ಲಿ ಗಾಜಿನ ಒಳಬದಿಗೆ ಹಸಿರು ಪೊರೆ ಕಟ್ಟಿತು. ಶಾಲೆಯ ಹಳೆಯ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಪೋಣಿಸಿದ ಮಣಿಗಳಂತೆ ಅನಬೀನಾ ಎಂಬ ನೀಲಿ ಹಸಿರು ಪಾಚಿಯ ಎಳೆಗಳು. ನಡುನಡುವೆ ಮಾಸಲು ಬಣ್ಣದ, ದಪ್ಪ ಗೋಡೆಯ ಕೋಶಗಳು. ಗಾಳಿಯ ಸಾರಜನಕ ಹಿಡಿಯುವುದು ಇವೇ. ಆ ಕೆಲಸದ ಕಿಣ್ವ ಆಮ್ಲಜನಕ ತಾಗಿದರೆ ಕೆಡುತ್ತದೆ, ದ್ಯುತಿಸಂಶ್ಲೇಷಣೆಯಲ್ಲಾದರೆ ಆಮ್ಲಜನಕವೇ ಹೊರಬರುತ್ತದೆ. ಹಾಗಾಗಿ ಈ ಕೋಶಗಳು ಆಮ್ಲಜನಕ ಬಿಡುವುದನ್ನೇ ಬಿಟ್ಟಿವೆ. ಆಹಾರ ಬರುವುದು ಅಕ್ಕಪಕ್ಕದ ಕೋಶಗಳಿಂದ.

ಎಳೆ ಕಟ್ಟದ ಒಂಟಿ ಕೋಶದ ಜಾತಿಗಳಲ್ಲಿ ಕೆಲವು ಹೊತ್ತನ್ನೇ ಪಾಲು ಮಾಡಿಕೊಂಡಿವೆ: ಹಗಲು ದ್ಯುತಿಸಂಶ್ಲೇಷಣೆ, ರಾತ್ರಿ ಸಾರಜನಕ. ತೈವಾನಿನ ಭತ್ತದ ಗದ್ದೆಯಿಂದ ತೆಗೆದ ಸೈನೆಕೊಕಾಕಸ್ ತಳಿಯೊಂದರಲ್ಲಿ ಈ ಲಯ 1986ರಲ್ಲೇ ವರದಿಯಾಯಿತು. ಹಗಲು ರಾತ್ರಿಗೆ ಒಗ್ಗಿಸಿದ ಮೇಲೆ ಸದಾ ಬೆಳಕಿನಲ್ಲೇ ಇಟ್ಟರೂ ಲಯ ನಿಲ್ಲಲಿಲ್ಲ. 2005ರಲ್ಲಿ ಜಪಾನಿನ ಕೊಂಡೊ ಅವರ ತಂಡ ಇಂಥ ಲಯವನ್ನು ನಡೆಸುವ ಒಳಗಿನ ಗಡಿಯಾರದ ಕೈ-ಎ, ಕೈ-ಬಿ, ಕೈ-ಸಿ ಎಂಬ ಮೂರು ಪ್ರೋಟೀನುಗಳನ್ನು ಜೀವಕೋಶದ ಇಂಧನವಾದ ಎಟಿಪಿಯ ಜೊತೆ ಪ್ರನಾಳದಲ್ಲಿ ಬೆರೆಸಿತು. ಜೀವಕೋಶವೇ ಇಲ್ಲದೆ, ಕೈ-ಸಿಗೆ ಫಾಸ್ಫೇಟ್ ಅಂಟುವುದೂ ಕಳಚುವುದೂ ಸುಮಾರು 24 ಗಂಟೆಯ ತಾಳಕ್ಕೆ ನಡೆಯಿತು! ಇಂಥ ಜೀವಿಗಳ ಹೆಗ್ಗಳಿಕೆಯೇ ಯಾವ ಹೊತ್ತಿಗೆ ಯಾವ ಕೆಲಸ ಎಂಬ ಅರಿವು. ಅವುಗಳಿಗೆ ಮೂರು ಪಾಳಿ ದುಡಿಯುವ ಕಾರ್ಖಾನೆಯ ಬಿರುದು ಏಕೆ?

ಇನ್ನು ‘ಮಳೆಯಿರಲಿ’ ಎಂಬ ಮಾತು. ನಮ್ಮ ಕೊಡಗಿನ ಕಕ್ಕಡ ಮಾಸದ, ಅಂದರೆ ಜುಲೈ-ಆಗಸ್ಟಿನ, ಮಳೆಯನ್ನು ಇದನ್ನು ಬರೆದವರು ಕಂಡಿರಲಾರರು. ಮಧ್ಯಾಹ್ನಕ್ಕೂ ದೀಪ ಹಾಕುವ ಆ ದಿನಗಳಲ್ಲಿ ಒಳಗಿನ ಗಡಿಯಾರ ಸರಿಯಾಗಿಯೇ ನಡೆದೀತು, ಆದರೆ ಬೆಳಕಿಲ್ಲದೆ ಪಾಚಿ ಹೊಟ್ಟೆಗೇನು ತಿನ್ನಬೇಕು? ನಮ್ಮ ಮೇಲಿನ ಗದ್ದೆಯಲ್ಲಿ ಏಡಿ ಕೊರೆದ ಬದುವಿನಿಂದ ನೀರೂ ಪುಡಿಯೂ ಒಟ್ಟಿಗೆ ತೋಡು ಸೇರಿದವು. ತಡವಾಗಿ ನಾಟಿಯಾದ ಕೆಳಗಿನ ಗದ್ದೆಗೆ ಮಳೆ ಇಳಿಮುಖವಾದ ಮೇಲೆ ಎರಚಿದ್ದು ಮಾತ್ರ ಹಿಡಿಯಿತು; ಪೈರಿನ ಸಾಲುಗಳ ನಡುವೆ ಹಸಿರು ಹೆಪ್ಪು ತೇಲಿತು.

ಹಣದ ಲೆಕ್ಕ ಅಂಗಡಿಯವರಿಗೆ ಹಿಡಿಸಲಿಕ್ಕಿಲ್ಲ. ‘ಟೀಚರ್, ಇದನ್ನು ಹಾಕಿದರೆ ಯೂರಿಯಾ ಬೇಕಾಗಿಲ್ಲ’ ಎಂದರು. ಎಲ್ಲ ಅನುಕೂಲವಾದರೆ ಹೆಕ್ಟೇರಿಗೆ 20ರಿಂದ 30 ಕೆ.ಜಿ. ಸಾರಜನಕ ಎಂಬುದು ಸಾಮಾನ್ಯವಾಗಿ ಹೇಳುವ ಅಂದಾಜು. 45 ಕೆ.ಜಿ.ಯ ಒಂದು ಚೀಲ ಯೂರಿಯಾದಲ್ಲಿ ಸುಮಾರು 20 ಕೆ.ಜಿ. ಇರುತ್ತದೆ, ಸಬ್ಸಿಡಿ ಬೆಲೆ 270 ರೂಪಾಯಿಯೊಳಗೆ. ಅಂದರೆ ಎರಡೂವರೆ ಎಕರೆಗೆ ಉಳಿಯುವುದು ಒಂದು ಒಂದೂವರೆ ಚೀಲ. ದುಡ್ಡು ಉಳಿಸಲೆಂದು ಕೊಳ್ಳಬೇಡಿ. ಮಣ್ಣಿಗೆ ಸಾವಯವ ಅಂಶ ಸೇರಲಿ ಎಂದಾದರೆ ಕೊಳ್ಳಿ, ನಾನೂ ಮತ್ತೆ ಕೊಳ್ಳುತ್ತೇನೆ. ಆದರೆ ಕಳೆನಾಶಕದ ಡಬ್ಬಗಳ ಪಕ್ಕದ ಕಪಾಟಿನಿಂದ ತೆಗೆದುಕೊಟ್ಟ ಪೊಟ್ಟಣ ಬೇಡವೆನ್ನಿ. ಈ ಪಾಚಿಗೆ ಕಳೆನಾಶಕ ವಿಷ.