ಮುಂದಿನ ಚಕ್ರದ ಬಳಿ ಸದ್ದು: ಲಿಂಕ್ ರಾಡೋ, ಬಾಲ್ ಜಾಯಿಂಟೋ?

ಕಾರಿನ ಮುಂಭಾಗದಲ್ಲಿ ಸದ್ದು ಕೇಳಿದೊಡನೆ ಶಾಕ್ ಅಬ್ಸಾರ್ಬರ್ ಬದಲಿಸಲು ಒಪ್ಪಿಕೊಳ್ಳುವ ಮೊದಲು ಲಿಂಕ್ ರಾಡ್ ಮತ್ತು ಲೋವರ್ ಆರ್ಮ್‌ನ ಬಾಲ್ ಜಾಯಿಂಟ್‌ಗಳನ್ನು ಪರೀಕ್ಷಿಸಬೇಕು. ಲಿಂಕ್ ರಾಡ್ ಎಂದರೆ ಆ್ಯಂಟಿ ರೋಲ್ ಬಾರ್ (ತಿರುವಿನಲ್ಲಿ ಕಾರು ಹೆಚ್ಚು ವಾಲದಂತೆ ಎರಡೂ ಬದಿಯನ್ನು ಬೆಸೆಯುವ ಸರಳು) ತುದಿಯನ್ನು ಸಸ್ಪೆನ್ಷನ್‌ಗೆ ಜೋಡಿಸುವ ಸಣ್ಣ ಕಡ್ಡಿ; ಬಾಲ್ ಜಾಯಿಂಟ್ ಎಂದರೆ ಚಕ್ರದ ಭಾಗವನ್ನು ಕೆಳಗಿನ ತೋಳಿಗೆ, ಅಂದರೆ ಲೋವರ್ ಆರ್ಮ್‌ಗೆ, ಜೋಡಿಸುವ ಗುಂಡು ಕೀಲು.

ಲಿಂಕ್ ರಾಡ್ ಸವೆದಿದ್ದರೆ, ನಿಧಾನವಾಗಿ ಹೋಗುವಾಗ ಒಂದು ಬದಿಯ ಚಕ್ರ ಮಾತ್ರ ಸಣ್ಣ ಗುಂಡಿಗೆ ಇಳಿದರೂ ಕಟಕಟ ಎಂಬ ಸದ್ದು ಕೇಳುತ್ತದೆ. ಎರಡೂ ಚಕ್ರಗಳು ಒಟ್ಟಿಗೆ ಹಂಪ್ ಏರಿದಾಗ ಆ್ಯಂಟಿ ರೋಲ್ ಬಾರ್ ತಿರುಚಿಕೊಳ್ಳದ ಕಾರಣ ಅದೇ ಸದ್ದು ಬಹುಮಟ್ಟಿಗೆ ತಗ್ಗುತ್ತದೆ. ಎರಡೂ ಬದಿಯ ಲಿಂಕ್‌ಗಳನ್ನು ಕಳಚಿ, ತಾಗದಂತೆ ಕಟ್ಟಿ, ಅದೇ ರಸ್ತೆಯಲ್ಲಿ ಬಹಳ ನಿಧಾನವಾಗಿ ಓಡಿಸಿದಾಗ ಸದ್ದು ನಿಂತರೆ ಅನುಮಾನ ಬಹುತೇಕ ಪರಿಹಾರವಾದಂತೆ.

ಬಾಲ್ ಜಾಯಿಂಟ್ ಸವೆದಾಗ ಸ್ಟೇರಿಂಗ್ ತಿರುಗಿಸುವಾಗ ಅಥವಾ ಬ್ರೇಕ್ ಒತ್ತುವಾಗ ಟಕ್ ಎಂದು ಒಂದೇ ಭಾರವಾದ ಬಡಿತ ಕೇಳಿಸುತ್ತದೆ. ಬ್ರೇಕ್ ಒತ್ತುವಾಗಿನ ಬಡಿತಕ್ಕೆ ಹರಿದ ಆರ್ಮ್ ಬುಷ್ (ಲೋವರ್ ಆರ್ಮ್ ಕಾರಿಗೆ ಸೇರುವಲ್ಲಿನ ರಬ್ಬರ್ ತುಂಡು) ಕೂಡ ಕಾರಣವಾಗಬಹುದಾದ್ದರಿಂದ, ಕಾರನ್ನು ಸ್ಟ್ಯಾಂಡ್ ಮೇಲೆ ಭದ್ರವಾಗಿ ನಿಲ್ಲಿಸಿ, ಒಬ್ಬರು ಚಕ್ರವನ್ನು ಮೇಲೆ ಕೆಳಗೆ ಹಿಡಿದು ಅಲುಗಿಸುವಾಗ ಇನ್ನೊಬ್ಬರು ಟಾರ್ಚ್ ಹಿಡಿದು ಜಾಯಿಂಟ್ ಅಲುಗುತ್ತಿದೆಯೇ ಎಂದು ನೋಡಬೇಕು.

ಲಿಂಕ್ ರಾಡ್ ಅಗ್ಗ, ಕೆಲಸವೂ ಸುಲಭ. ಕೆಲವು ದಿನ ಕಾಯಬಹುದು. ಬಾಲ್ ಜಾಯಿಂಟ್ ಕಳಚಿದರೆ ಚಕ್ರವೇ ಮಡಚಿಕೊಂಡು ಕಾರು ಹತೋಟಿ ತಪ್ಪುತ್ತದೆ. ಆದ್ದರಿಂದ ಖರ್ಚು ಹೆಚ್ಚಾದರೂ ಪರೀಕ್ಷೆಯನ್ನು ಅಲ್ಲಿಂದಲೇ ಆರಂಭಿಸುವುದು ಸರಿ.