ಹಿಂಬದಿ ಡ್ರಮ್ ಬ್ರೇಕ್ ಕಿಟ್: ಡಬ್ಬಿಯ ಹೊರಗಿನ ಖರ್ಚೇ ಹೆಚ್ಚು

ಹಳೆಯ ಪಿಕಪ್‌ಗಳಿಗೆ ಸಿಗುವ ‘ಕಂಪ್ಲೀಟ್’ ಡ್ರಮ್ ಬ್ರೇಕ್ ಕಿಟ್ ತೆರೆದರೆ ನಾಲ್ಕು ಶೂ (ಡ್ರಮ್ಮಿನ ಒಳಗೋಡೆಗೆ ಒತ್ತುವ ಬಿಲ್ಲಿನಾಕಾರದ ತುಂಡು, ಅದರ ಮೇಲಿನ ಉಜ್ಜುವ ಪದರವೇ ಲೈನಿಂಗ್), ಎರಡು ವೀಲ್ ಸಿಲಿಂಡರ್ (ಬ್ರೇಕ್ ಎಣ್ಣೆಯ ಒತ್ತಡದಿಂದ ಶೂ ತಳ್ಳುವ ಭಾಗ), ಎರಡೂ ಬದಿಯ ಸ್ಪ್ರಿಂಗ್, ಪಿನ್ನು ಇರುತ್ತವೆ. ಬಿಡಿಬಿಡಿಯಾಗಿ ಕೊಳ್ಳುವುದಕ್ಕಿಂತ ಅಗ್ಗ, ಧಾರಾಳವಾಗಿ ತೊಗೊಳ್ಳಿ. ಆದರೆ ಅದರ ಬೆಲೆಯೇ ಇಡೀ ಕೆಲಸದ ಬೆಲೆ ಅಂದುಕೊಳ್ಳಬೇಡಿ.

ಮೊದಲ ಪೆಟ್ಟು ಡ್ರಮ್ಮಿನದು. ಗೆರೆ ಬಿದ್ದ ಡ್ರಮ್ಮಿಗೆ ಹೊಸ ಶೂ ಹಾಕಿದರೆ ಲೈನಿಂಗ್ ಪೂರ್ತಿ ಕೂರುವುದೇ ಇಲ್ಲ. 11 ಇಂಚು ಒಳವ್ಯಾಸದ ಡ್ರಮ್ಮನ್ನು ಸಾಮಾನ್ಯವಾಗಿ 11.060 ಇಂಚಿನವರೆಗೆ ಲೇತ್‌ನಲ್ಲಿ ಹೆರೆಸಬಹುದು, 11.090 ಮುಟ್ಟಿದರೆ ಗುಜರಿಗೆ. ಡ್ರಮ್ಮಿನ ಮೇಲೆ ಬೇರೆ ಅಂಕಿ ಅಚ್ಚಾಗಿದ್ದರೆ ಅದೇ ಅಂತಿಮ. ಕಿಟ್ ಆರ್ಡರ್ ಮಾಡುವ ಮೊದಲೇ ಅಳೆಯಿರಿ.

ಎರಡನೆಯದು ಸಿಲಿಂಡರಿಗೆ ಬರುವ ಲೋಹದ ಬ್ರೇಕ್ ಪೈಪ್. ತುಕ್ಕು ಹಿಡಿದ ನಟ್ ತಿರುಗಿಸಿದರೆ ಪೈಪೂ ಜೊತೆಗೇ ಮುರುಟುತ್ತದೆ. ಹಿಂದಿನ ದಿನವೇ ತುಕ್ಕು ಬಿಡಿಸುವ ಎಣ್ಣೆ ಹಾಕಿ, ಪೈಪಿನ ನಟ್ಟನ್ನು ಸುತ್ತಲೂ ಹಿಡಿಯುವ ಫ್ಲೇರ್ ನಟ್ ಸ್ಪ್ಯಾನರ್ ಬಳಸಿ. ಅಷ್ಟಾದರೂ ಹೊಸ ಪೈಪಿನ ಖರ್ಚು ಲೆಕ್ಕದಲ್ಲಿರಲಿ. ಡ್ರಮ್ಮಿನೊಳಗೆ ಗೇರ್ ಆಯಿಲ್ ವಾಸನೆ ಬಂದರೆ ಸೋರುತ್ತಿರುವುದು ಆಕ್ಸಲ್ ಸೀಲ್. ಅದನ್ನು ಬಿಟ್ಟು ಶೂ ಮಾತ್ರ ಬದಲಿಸಿದರೆ ದುಡ್ಡು ದಂಡ, ಎಣ್ಣೆ ಕುಡಿದ ಲೈನಿಂಗ್ ಮತ್ತೆ ಕೆಲಸಕ್ಕೆ ಬಾರದು. ಭಾರಿ ಪಿಕಪ್‌ಗಳ ಫುಲ್ ಫ್ಲೋಟಿಂಗ್ ಆಕ್ಸಲ್‌ನಲ್ಲಿ (ಗಾಡಿಯ ಭಾರವನ್ನು ಆಕ್ಸಲ್ ಶಾಫ್ಟಿನ ಬದಲು ಹಬ್ಬೇ ಹೊರುವ ಬಗೆ) ಎಷ್ಟೋ ಸಲ ಹಬ್ ಕಳಚದೆ ಡ್ರಮ್ ಬರುವುದಿಲ್ಲ. ಮಜೂರಿ ಏರುವುದು ಅಲ್ಲೇ.

ಕಿಟ್ಟಿನ ಸ್ಪ್ರಿಂಗುಗಳ ಬಗ್ಗೆ ತಕರಾರಿಲ್ಲ. ಸಿಲಿಂಡರಿನ ಬೋರ್ (ಒಳವ್ಯಾಸ) ಮಾತ್ರ ಹಳೆಯದರೊಂದಿಗೆ ಹೋಲಿಸಲೇಬೇಕು, ಒಂದೇ ಮಾಡೆಲ್‌ಗೆ ಎರಡು ಅಳತೆ ಇರುವುದುಂಟು. ಬರೀ ರಬ್ಬರ್ ಕಪ್ ಬದಲಿಸಿ ಉಳಿಸುವ ಆಸೆ, ಒಳಗೆ ಗುಳಿ ಬಿದ್ದಿದ್ದರೆ, ಮತ್ತೆ ಸೋರಿಕೆಯಲ್ಲೇ ಮುಗಿಯುತ್ತದೆ.

ಜೋಡಿಸುವಾಗ ಒಂದು ಬದಿ ಬಿಚ್ಚಿ, ಇನ್ನೊಂದನ್ನು ನಕಾಶೆಯಾಗಿ ಹಾಗೇ ಬಿಡಿ. ಡ್ಯುಯೋ ಸರ್ವೋ ಬ್ರೇಕಿನಲ್ಲಿ (ಒಂದು ಶೂ ಇನ್ನೊಂದನ್ನು ತಳ್ಳಿ ಹಿಡಿತ ಹೆಚ್ಚಿಸುವ ಬಗೆ) ಗಿಡ್ಡ ಲೈನಿಂಗಿನ ಶೂ ಮುಂದಕ್ಕೆ, ಉದ್ದದ್ದು ಹಿಂದಕ್ಕೆ. ಅದಲುಬದಲಾದರೆ ಹಿಡಿತ ಕಡಿಮೆ. ಶೂ ಮತ್ತು ಡ್ರಮ್ಮಿನ ನಡುವಿನ ಅಂತರ ಸರಿಪಡಿಸುವ ಎಡಬಲದ ಸ್ಟಾರ್ ಅಡ್ಜಸ್ಟರ್‌ಗಳ ತಿರುಪಿನ ಸುತ್ತೂ ಬೇರೆ, ಅವು ಬೆರೆತರೆ ತಾನಾಗಿ ಬಿಗಿಯಾಗಬೇಕಾದದ್ದು ಸಡಿಲವಾಗುತ್ತದೆ. ಶೂ ಅಂಚು ಉಜ್ಜುವ ಕಡೆ ಮಾತ್ರ ಬ್ಯಾಕಿಂಗ್ ಪ್ಲೇಟಿಗೆ (ಶೂ ಕೂರುವ ಹಿಂದಿನ ತಟ್ಟೆ) ಶಾಖ ತಡೆಯುವ ಗ್ರೀಸ್ ತೆಳುವಾಗಿ ಸವರಿ. ಧೂಳನ್ನು ಗಾಳಿಯಿಂದ ಊದಬೇಡಿ, ಹಳೆಯ ಲೈನಿಂಗಿನಲ್ಲಿ ಆಸ್ಬೆಸ್ಟಾಸ್ ಇರಬಹುದು. ಬ್ರೇಕ್ ಕ್ಲೀನರ್‌ನಿಂದ ಒದ್ದೆ ಮಾಡಿಯೇ ತೊಳೆಯಿರಿ.

ಗ್ಯಾರೇಜಿಗೆ ಕೊಡುವುದಾದರೆ ಡ್ರಮ್ ಲೇತ್ ಕೆಲಸ, ಬ್ಲೀಡಿಂಗ್ (ಪೈಪಿನ ಗಾಳಿ ತೆಗೆಯುವುದು), ಹ್ಯಾಂಡ್‌ಬ್ರೇಕ್ ಕೇಬಲ್ ಮೂರನ್ನೂ ಅಂದಾಜುಪಟ್ಟಿಯಲ್ಲಿ ಬೇರೆಬೇರೆಯಾಗಿ ಬರೆಸಿಕೊಳ್ಳಿ.