ಪೀಕ್ ಡಿಸ್ಟ್ರಿಕ್ಟ್‌ನ ಕಾರಿಲ್ಲದ ಸೈಕಲ್ ದಾರಿಗಳು: ಐದರಲ್ಲಿ ಯಾವುದು ಮೇಲು?

ಇಂಗ್ಲೆಂಡಿನ ಗುಡ್ಡಗಾಡು ಪ್ರದೇಶವಾದ ಪೀಕ್ ಡಿಸ್ಟ್ರಿಕ್ಟ್‌ನಲ್ಲಿ ಕಾರಿನ ಕಾಟವಿಲ್ಲದ ಸೈಕಲ್ ದಾರಿ ಯಾವುದು ಅಂತ ಯಾರನ್ನು ಕೇಳಿದರೂ ಮೊದಲು ಬರುವ ಹೆಸರು ಮಾನ್ಸಲ್ ಟ್ರೇಲ್. ಪಕ್ಕದ ಶೆಫೀಲ್ಡ್ ನಗರಕ್ಕೆ ಬಂದ ಹೊಸದರಲ್ಲಿ ನನಗೂ ಅದನ್ನೇ ಹೇಳಿದರು. ದಾರಿ ಚೆನ್ನಾಗಿದೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ನನ್ನದು 28 ಮಿಲಿಮೀಟರ್ ಟೈರಿನ ರೋಡ್ ಬೈಕ್. ನನಗೆ ಟಾರು ಬೇಕು, ಏರು ಬೇಕು, ಕಾರು ಬೇಡ. ಈ ಮೂರೂ ಒಂದೇ ಕಡೆ ಸಿಗುವುದು ಇಲ್ಲಿ ಸುಲಭವಲ್ಲ.

ಕಾರಣ ಸರಳ. ಇಲ್ಲಿನ ಕಾರಿಲ್ಲದ ದಾರಿಗಳಲ್ಲಿ ಹೆಚ್ಚಿನವು ಹಳೆಯ ರೈಲು ಮಾರ್ಗಗಳು. ಉಗಿಬಂಡಿ ಕಡಿದಾದ ಏರು ಹತ್ತುವುದಿಲ್ಲ. ಹಾಗಾಗಿ ಗುಡ್ಡ ಅಡ್ಡ ಬಂದರೆ ಸುರಂಗ ಕೊರೆದರು, ಕಣಿವೆ ಬಂದರೆ ಸೇತುವೆ ಕಟ್ಟಿದರು. ಸುತ್ತ ಎಲ್ಲಿ ನೋಡಿದರೂ ಬೆಟ್ಟ, ಆದರೆ ಚಕ್ರದ ಕೆಳಗೆ ಮಾತ್ರ ಸಮತಟ್ಟು ನೆಲ.

ಮಾನ್ಸಲ್ ಟ್ರೇಲ್ ಬೇಕ್‌ವೆಲ್ ಊರಿನಿಂದ ಶುರುವಾಗಿ ಎಂಟೂವರೆ ಮೈಲಿ ಉದ್ದ. 1860ರ ದಶಕದ ಮಿಡ್‌ಲೆಂಡ್ ರೈಲು ಓಡುತ್ತಿದ್ದ ಮಾರ್ಗ ಇದು. 1968ರಲ್ಲಿ ಮುಚ್ಚಿತು. ದೊಡ್ಡ ಸುರಂಗಗಳನ್ನು 2011ರಲ್ಲಿ ಸೈಕಲ್‌ನವರಿಗೂ ನಡೆಯುವವರಿಗೂ ತೆರೆದರು. ಹೆಡ್‌ಸ್ಟೋನ್ ಸುರಂಗದ ಕತ್ತಲಿಂದ ಹೊರಬಿದ್ದ ಕೂಡಲೇ ನೀವು ವೈ ನದಿಯ ಮೇಲಿನ ಎತ್ತರದ ಸೇತುವೆ ಮೇಲಿರುತ್ತೀರಿ. ಆ ನೋಟಕ್ಕಾಗಿಯೇ ಒಮ್ಮೆ ಹೋಗಬೇಕು. ಮಳೆ ಹಿಡಿದರೆ ಸುರಂಗದಲ್ಲಿ ನಿಂತು ಬಿಸ್ಕತ್ತು ತಿನ್ನಬಹುದು. ಇಲ್ಲಿನ ಹವಾಮಾನದಲ್ಲಿ ಇದು ಸಣ್ಣ ಅನುಕೂಲವಲ್ಲ.

ಆದರೆ ಭಾನುವಾರ ಅಲ್ಲಿ ಜಾತ್ರೆ. ಮಕ್ಕಳ ಸೈಕಲ್, ತಳ್ಳುಗಾಡಿಯ ಕೂಸು, ದಾರಿಗಡ್ಡ ಉದ್ದಕ್ಕೆ ಎಳೆದ ನಾಯಿಯ ಹಗ್ಗ, ನಡುವೆ ಒಂದೊಂದು ಕುದುರೆ. ಬೆಲ್ ಹೊಡೆದು ಹೊಡೆದು ಹೆಬ್ಬೆರಳು ಸೋಲುತ್ತದೆ. ನೆಲವೂ ಟಾರಲ್ಲ, ಸುಣ್ಣದಕಲ್ಲಿನ ಪುಡಿ ಹಾಕಿ ಗಟ್ಟಿ ಮಾಡಿದ್ದು. ಒಣಗಿದ್ದಾಗ ಪರವಾಗಿಲ್ಲ. ನೆನೆದರೆ ಆ ಬಿಳಿ ಕೆಸರು ಚೈನ್‌ಗೂ ಬ್ರೇಕ್‌ಗೂ ಮೆತ್ತಿಕೊಂಡು, ಮನೆಗೆ ಬಂದು ಒಂದು ಗಂಟೆ ಉಜ್ಜಬೇಕು. ಊರಿಂದ ಅಪ್ಪ ಅಮ್ಮ ಬಂದಾಗ ಬಾಡಿಗೆ ಸೈಕಲ್ ಹತ್ತಿಸಿ ಕರೆದುಕೊಂಡು ಹೋಗೋಕೆ ಇದಕ್ಕಿಂತ ಒಳ್ಳೆ ಜಾಗ ಇಲ್ಲ. ನಾನೊಬ್ಬನೇ ಹೊರಟರೆ ಮಾತ್ರ ಆ ಕಡೆ ಹೋಗುವುದಿಲ್ಲ.

ಟಿಸ್ಸಿಂಗ್ಟನ್ ಟ್ರೇಲ್ ಉದ್ದ, 13 ಮೈಲಿ. ಜನ ಕಡಿಮೆ, ನೋಟವೂ ಸ್ವಲ್ಪ ಕಡಿಮೆ. ಆಶ್‌ಬರ್ನ್‌ನಿಂದ ಪಾರ್ಸ್ಲಿ ಹೇ ಕಡೆಗೆ ಹೊರಟರೆ ಕಣ್ಣಿಗೆ ಕಾಣದ ಏರು ಉದ್ದಕ್ಕೂ ಕಾಲು ಎಳೆಯುತ್ತಲೇ ಇರುತ್ತದೆ. ವಾಪಸ್ ಬರುವಾಗ ಸಾಲ ತೀರಿದಷ್ಟು ಹಗುರ. ಆಶ್‌ಬರ್ನ್ ಹತ್ತಿರ ಹಳೆ ರೈಲು ಸೇತುವೆ ಕಿತ್ತುಹಾಕಿದ ಒಂದು ಕಡೆ ದಾರಿ ಗಕ್ಕನೆ ಹಳ್ಳಕ್ಕಿಳಿದು ಮತ್ತೆ ಮೇಲೇರುತ್ತದೆ. ನಿಜವಾದ ಚಡಾವು ಅಂತ ಇರುವುದು ಅದೊಂದೇ. ನೆಲ ಇಲ್ಲೂ ಅದೇ ಸುಣ್ಣದಕಲ್ಲಿನ ಪುಡಿ.

ಟಾರು ಬೇಕೇ ಬೇಕು ಅಂದರೆ ಮ್ಯಾನಿಫೋಲ್ಡ್ ಕಣಿವೆಗೆ ಹೋಗಿ. ಹಲ್ಮ್ ಎಂಡ್‌ನಿಂದ ವಾಟರ್‌ಹೌಸಸ್ ತನಕ ಸುಮಾರು ಎಂಟು ಮೈಲಿ. ಇದೂ ರೈಲು ಮಾರ್ಗವೇ, ಆದರೆ ಮೇಲೆ ಟಾರು ಹಾಕಿದ್ದಾರೆ. ಸಣ್ಣ ಟೈರ್ ಸದ್ದಿಲ್ಲದೆ ಓಡುತ್ತದೆ. ಈ ದಾರಿ ನನಗೆ ಇಷ್ಟವಾಗೋಕೆ ಇನ್ನೊಂದು ಕಾರಣವೂ ಇದೆ. ಎರಡೂವರೆ ಅಡಿ ಅಗಲದ ಈ ಪುಟ್ಟ ರೈಲು ಮಾರ್ಗಕ್ಕೆ ಎಂಜಿನಿಯರ್ ಆಗಿದ್ದವನು ಎವರಾರ್ಡ್ ಕ್ಯಾಲ್‌ಥ್ರಾಪ್. ಅದಕ್ಕೂ ಮೊದಲು ನಮ್ಮ ಸೊಲ್ಲಾಪುರದ ಕಡೆ ಬಾರ್ಶಿ ಲೈಟ್ ರೈಲ್ವೆ ಮಾಡಿದವನೂ ಅವನೇ. ಬಾರ್ಶಿಯಲ್ಲಿ 1897ರಲ್ಲಿ ರೈಲು ಓಡಿತು, ಇಲ್ಲಿ 1904ರಲ್ಲಿ. ಬಾರ್ಶಿಯ ಮಾರ್ಗ ಬೆಳೆದು ಮೀರಜ್ ತನಕ ಹೋಯಿತು. ಸ್ಟಾಫರ್ಡ್‌ಶೈರ್‌ನ ಈ ಮಾರ್ಗ 30 ವರ್ಷ ಏಗಿ, 1934ರಲ್ಲಿ ಬಾಗಿಲು ಹಾಕಿತು. ದನ, ಹಾಲು ಬಿಟ್ಟರೆ ಹೆಚ್ಚೇನೂ ಇಲ್ಲದ ಕಣಿವೆಗೆ ಯಾಕೆ ಬೇಕಿತ್ತೋ ರೈಲು! ನಮ್ಮ ಸೈಕಲ್‌ಗೆ ಒಳ್ಳೆಯದಾಯಿತು ಬಿಡಿ.

ದಾರಿ ನದಿಯ ಜೊತೆಗೇ ತಿರುಗುತ್ತಾ ಹೋಗುತ್ತದೆ. ಮಳೆಯಿಲ್ಲದ ಬೇಸಿಗೆಯಲ್ಲಿ ವೆಟ್ಟನ್ ಮಿಲ್‌ನಿಂದ ಕೆಳಗೆ ನದಿಯೇ ಇರುವುದಿಲ್ಲ. ನೀರು ಸುಣ್ಣದಕಲ್ಲಿನ ಬಿರುಕುಗಳಲ್ಲಿ ಇಳಿದು ನೆಲದಡಿ ಹರಿದು, ಇಲಮ್ ಹತ್ತಿರ ಮತ್ತೆ ಮೇಲೆ ಬರುತ್ತದೆ. ಮೇಲೆ ಬಂಡೆಯಲ್ಲಿ ಥಾರ್ಸ್ ಕೇವ್ ಎಂಬ ದೊಡ್ಡ ಗುಹೆ ಬಾಯಿ ತೆರೆದು ನಿಂತಿದೆ. ಒಂದೇ ತಕರಾರು, ಸ್ವೇನ್ಸ್‌ಲಿ ಸುರಂಗ ಮತ್ತು ಅದರ ಆಚೆಗಿನ ಒಂದಷ್ಟು ದೂರ ಕಾರುಗಳಿಗೂ ಪ್ರವೇಶ ಇದೆ. ಸುರಂಗ ಇಕ್ಕಟ್ಟು. ದೀಪ ಹಾಕಿಕೊಂಡೇ ಹೋಗಿ.

ಇಲ್ಲಿಗೆ ರೈಲು ಮಾರ್ಗಗಳ ಕಥೆ ಮುಗಿಯಿತು. ಈ ಐದರಲ್ಲಿ ಸೇರಿಸದ ಇನ್ನೊಂದು ಹಳೆ ರೈಲು ದಾರಿ ಹೈ ಪೀಕ್ ಟ್ರೇಲ್‌ನಲ್ಲಿ ಭಾರಿ ಏರುಗಳಿವೆ ನಿಜ. ಅಲ್ಲಿ ಗುಡ್ಡದ ಮೇಲೆ ಎಂಜಿನ್ ಕೂರಿಸಿ ವ್ಯಾಗನ್‌ಗಳನ್ನು ಎಳೆಯುತ್ತಿದ್ದರು. ಆದರೆ ಜಲ್ಲಿ ನೆಲ, ರೋಡ್ ಬೈಕ್‌ಗೆ ಹಿಂಸೆ.

ಇನ್ನು ಅಣೆಕಟ್ಟೆಗಳ ಕಡೆ ಬರೋಣ. ಅಪ್ಪರ್ ಡರ್ವೆಂಟ್ ಕಣಿವೆಯಲ್ಲಿ ಫೇರ್‌ಹೋಮ್ಸ್‌ನಿಂದ ಮೇಲೆ ಕಿಂಗ್ಸ್ ಟ್ರೀ ತನಕದ ರಸ್ತೆಯನ್ನು ಶನಿವಾರ, ಭಾನುವಾರ ಕಾರುಗಳಿಗೆ ಮುಚ್ಚುತ್ತಾರೆ. ಇದು ನಿಜವಾದ ಟಾರು ರಸ್ತೆ, ಕಾಡಿನ ನೆರಳು, ಬಲಗಡೆ ನೀರು. ಸಣ್ಣ ಸಣ್ಣ ಉಬ್ಬು ತಗ್ಗು. ಡರ್ವೆಂಟ್ ಅಣೆಕಟ್ಟೆಯ ಎರಡು ಕಲ್ಲಿನ ಗೋಪುರಗಳ ನಡುವೆಯೇ 1943ರಲ್ಲಿ ಜರ್ಮನಿಯ ಅಣೆಕಟ್ಟೆ ಒಡೆಯಲು ಹೊರಟ ವಿಮಾನಗಳು ಕೆಳಮಟ್ಟದ ಹಾರಾಟ ಅಭ್ಯಾಸ ಮಾಡಿದ್ದು. ಕಿಂಗ್ಸ್ ಟ್ರೀ ಆಚೆ ಟಾರು ಮುಗಿಯುತ್ತದೆ. ರೋಡ್ ಬೈಕ್ ಇದ್ದರೆ ಅಲ್ಲೇ ತಿರುಗಿಸಿ, ಪೂರ್ವ ದಂಡೆಯಿಂದ ಸುತ್ತು ಹಾಕುವ ಆಸೆ ಬೇಡ. ಅದು ಕಲ್ಲುದಾರಿ. ಏರು ಇನ್ನೂ ಸಾಲದು ಅನ್ನಿಸುತ್ತದೆ, ಅಷ್ಟೇ ಕೊರತೆ.

ಆ ಕೊರತೆ ನೀಗಿದ್ದು ಬಕ್ಸ್‌ಟನ್ ಪಕ್ಕದ ಗಾಯ್ಟ್ ಕಣಿವೆಯಲ್ಲಿ. ಅರ್‌ವುಡ್ ಜಲಾಶಯದಿಂದ ಡರ್ಬಿಶೈರ್ ಬ್ರಿಜ್‌ಗೆ ಹತ್ತುವ ಕಿರಿದಾದ ಟಾರು ರಸ್ತೆ. ಬೇಸಿಗೆಯ ಭಾನುವಾರಗಳಂದು ಹಗಲು ಹೊತ್ತು ಕಾರುಗಳಿಗೆ ಪೂರ್ತಿ ಬಂದ್. ಮೊದಲು ಮರಗಳ ನಡುವೆ, ಪಕ್ಕದಲ್ಲಿ ಹಳ್ಳದ ಸದ್ದು. ಅರ್ಧ ದಾರಿಯಲ್ಲಿ ಹಳೆ ಕಲ್ಲುಕ್ವಾರಿ. ಅಲ್ಲಿ ಕೆಳಗೆ ಒಂದು ಪುಟ್ಟ ಕಲ್ಲು ಸೇತುವೆ ಇದೆ. 1960ರ ದಶಕದಲ್ಲಿ ಅರ್‌ವುಡ್ ಜಲಾಶಯ ಕಟ್ಟುವಾಗ ಮುಳುಗಲಿದ್ದ ಸೇತುವೆಯನ್ನು ಬಿಚ್ಚಿ ತಂದು ಇಲ್ಲಿ ಜೋಡಿಸಿದ್ದು. ಕುದುರೆ ಮೇಲೆ ಸರಕು ಹೇರಿಕೊಂಡು ಹೋಗುತ್ತಿದ್ದ ಕಾಲದ್ದು. ಮುಂದೆ ಮರ ಮುಗಿದು ಬಯಲು ಗುಡ್ಡ, ಹೀದರ್ ಪೊದೆ, ಕುರಿ, ಗಾಳಿ. ಆಗಸ್ಟ್‌ನಲ್ಲಿ ಆ ಪೊದೆಗಳೆಲ್ಲ ನೇರಳೆ ಬಣ್ಣ.

ನಂದಿ ಬೆಟ್ಟ ಹತ್ತಿ ಬಂದ ಬೆಂಗಳೂರಿನ ಗೆಳೆಯರು ಇದನ್ನು ಏರು ಅಂತಲೇ ಒಪ್ಪಲ್ಲ. ಇರಲಿ. ಸಾಲದಿದ್ದರೆ ಜಲಾಶಯದ ಎದುರಿನ ದಿಕ್ಕಿಗೆ, ಪಿಮ್ ಚೇರ್ ಕಡೆಗೆ ಹತ್ತುವ ರಸ್ತೆಗೆ ಕಳಿಸಿ, ಬಾಯಿ ಮುಚ್ಚುತ್ತಾರೆ. ಅಲ್ಲಿ ಕಾರು ಬರುತ್ತವೆ, ಅದು ಬೇರೆ ವಿಷಯ.

ಹಾಗಾಗಿ ನನ್ನ ಲೆಕ್ಕ ಹೀಗೆ. ವಾರದ ನಡುವೆ ರಜೆ ಸಿಕ್ಕರೆ ಮ್ಯಾನಿಫೋಲ್ಡ್, ಯಾಕೆಂದರೆ ಆಗ ಜನ ಇರಲ್ಲ. ಬೇಸಿಗೆಯ ಭಾನುವಾರವಾದರೆ ಕಣ್ಣು ಮುಚ್ಚಿ ಗಾಯ್ಟ್. ಚಳಿಗಾಲದ ಭಾನುವಾರ ಡರ್ವೆಂಟ್. ಗಾಯ್ಟ್‌ಗೆ ಮ್ಯಾಂಚೆಸ್ಟರ್‌ನಿಂದ ಬರುವವರು ಬಕ್ಸ್‌ಟನ್‌ಗೆ ರೈಲು ಹಿಡಿಯಬಹುದು. ಅಲ್ಲಿಂದ ಲಾಂಗ್ ಹಿಲ್ ರಸ್ತೆಯಲ್ಲಿ ಸ್ವಲ್ಪ ದೂರ ಕಾರುಗಳ ಜೊತೆ ಸಹಿಸಿಕೊಳ್ಳಬೇಕು. ಮೇಲಿಂದ ವಾಪಸಾಗುವಾಗ ಕ್ಯಾಟ್ ಅಂಡ್ ಫಿಡಲ್ ಹೆದ್ದಾರಿ ಸಿಗುತ್ತದೆ. ಬಿಸಿಲಿದ್ದ ಭಾನುವಾರ ಅದು ಮೋಟಾರ್ ಬೈಕ್‌ನವರ ಸ್ವರ್ಗ, ಹಾಗಾಗಿ ಹಿಂದಿನ ಕೆಂಪು ದೀಪ ಹಗಲಲ್ಲೂ ಉರಿಯುತ್ತಿರಲಿ. ಕಣಿವೆಯೊಳಗೆ ಅಂಗಡಿ ಇಲ್ಲ, ನೀರು ಮತ್ತು ಚಪಾತಿ ಬಕ್ಸ್‌ಟನ್‌ನಲ್ಲೇ ಚೀಲಕ್ಕೆ ಸೇರಿರಬೇಕು.